ಎರಡು ಆ್ಯಂಟಿವೈರಸ್, ಒಂದು ಹಳೆ ಡಿಸ್ಕ್: ತೆವಳುವ ಬ್ರೌಸರ್‌ನ ರಿಪೇರಿ ಲಾಗ್

ಯಂತ್ರ: 15.6 ಇಂಚಿನ ಲ್ಯಾಪ್‌ಟಾಪ್. ಇಂಟೆಲ್ ಕೋರ್ ಐ3-5005ಯು ಪ್ರೊಸೆಸರ್, 2 ಕೋರ್, 2 ಗಿಗಾಹರ್ಟ್ಸ್. 4 ಜಿಬಿ ರ‍್ಯಾಮ್. ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸ್ 10 ಹೋಮ್, 22ಎಚ್2 ಆವೃತ್ತಿ. ಮನೆಗೆ 40 ಎಂಬಿಪಿಎಸ್ ಫೈಬರ್ ಸಂಪರ್ಕ.

ದೂರು: "ನೆಟ್ ತುಂಬಾ ಸ್ಲೋ. ವೈರಸ್ ಬಂದಿರಬೇಕು. ಒಂದು ಒಳ್ಳೆ ಆ್ಯಂಟಿವೈರಸ್ ಹಾಕಿಕೊಡಿ."

ಈ ದೂರಿನಲ್ಲಿ ಮೂರು ಮಾತುಗಳಿವೆ. ನೆಟ್ ಸ್ಲೋ ಇದೆ, ಒಳಗೆ ವೈರಸ್ ಇದೆ, ಅದಕ್ಕೆ ಮದ್ದು ಇನ್ನೊಂದು ಆ್ಯಂಟಿವೈರಸ್. ಮೂರನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಒಂದು ಬದಲಾವಣೆ ಮಾಡಿದ ಮೇಲೆ ಮತ್ತೆ ಅಳೆದು, ಆಮೇಲಷ್ಟೇ ಮುಂದಿನದಕ್ಕೆ ಕೈ ಹಾಕಬೇಕು. ಒಟ್ಟಿಗೆ ಐದು ಕೆಲಸ ಮಾಡಿಬಿಟ್ಟರೆ ಯಾವುದರಿಂದ ಗುಣವಾಯಿತು ಎಂಬುದು ಗೊತ್ತಾಗುವುದಿಲ್ಲ. ಆರು ತಿಂಗಳಲ್ಲಿ ಅದೇ ತೊಂದರೆ ಮರಳಿದರೆ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಮೊದಲ ಅಳತೆ: ಲೈನಿನ ತಪ್ಪೋ, ಯಂತ್ರದ ತಪ್ಪೋ

ಸುಲಭದ ಪರೀಕ್ಷೆ ಮೊಬೈಲಿನದು. ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿ, ಲ್ಯಾಪ್‌ಟಾಪಿನ ಪಕ್ಕದಲ್ಲೇ ಇಟ್ಟು ಅದೇ ಪುಟ ತೆರೆಯಬೇಕು. ಇಲ್ಲಿ ಮೊಬೈಲಿನಲ್ಲಿ ಸುದ್ದಿಪತ್ರಿಕೆಯ ಪುಟ ಕೂಡಲೇ ತೆರೆಯಿತು. ಲ್ಯಾಪ್‌ಟಾಪಿನಲ್ಲಿ ಬಿಳಿ ಪರದೆ ಹಾಗೇ ನಿಂತಿತ್ತು.

ಎರಡನೆಯದು ಪಿಂಗ್, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ರೌಟರ್‌ಗೆ, ಅಂದರೆ ಬಹುತೇಕ ಮನೆಗಳಲ್ಲಿ 192.168.1.1 ವಿಳಾಸಕ್ಕೆ, ಇಪ್ಪತ್ತು ಪಿಂಗ್ ಕಳಿಸಬೇಕು. ಆಮೇಲೆ ಹೊರಗಿನ ಅಂತರಜಾಲದ ಸರ್ವರ್ 1.1.1.1ಕ್ಕೆ ಇನ್ನಿಪ್ಪತ್ತು. ರೌಟರ್‌ಗೆ ಹೋಗಿಬರಲು ಒಂದೆರಡು ಮಿಲಿಸೆಕೆಂಡ್ ಸಾಕು, ಐದು ಆದರೂ ಸರಿ. ನಡುನಡುವೆ 200, 300 ಎಂದು ಹಾರುತ್ತಿದ್ದರೆ ಅಥವಾ ಉತ್ತರವೇ ಬರದಿದ್ದರೆ ದೋಷ ವೈಫೈಯಲ್ಲಿದೆ. ಆಗ ಒಂದು ಲ್ಯಾನ್ ಕೇಬಲ್ ಚುಚ್ಚಿ ಮತ್ತೆ ಅಳೆದರೆ ಖಚಿತವಾಗುತ್ತದೆ. ಅಕ್ಕಪಕ್ಕದ ಮನೆಗಳ ರೌಟರ್‌ಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಮಾಡುವ ಅಪಾರ್ಟ್‌ಮೆಂಟುಗಳಲ್ಲಿ ಇದು ಮಾಮೂಲು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ರೌಟರ್‌ನಲ್ಲಿ ಅವುಗಳಲ್ಲಿ ಖಾಲಿ ಇರುವುದನ್ನು ಆರಿಸಬೇಕು. ಲ್ಯಾಪ್‌ಟಾಪಿನ ವೈಫೈ ಕಾರ್ಡಿಗೆ 5 ಗಿಗಾಹರ್ಟ್ಸ್ ಹಿಡಿಯಲು ಬಂದರೆ ಅದಕ್ಕೇ ಹೋಗುವುದು ಮೇಲು.

ಇಲ್ಲಿ ಪಿಂಗ್ ಎರಡೂ ಕಡೆ ಚೊಕ್ಕವಾಗಿತ್ತು. ಸ್ಪೀಡ್ ಟೆಸ್ಟ್ 38 ಎಂಬಿಪಿಎಸ್ ತೋರಿಸಿತು. ಈ ಅಂಕಿಯನ್ನು ಓದುವಾಗ ಹೆಚ್ಚಿನವರು ಎಡವುತ್ತಾರೆ. 40 ಎಂಬಿಪಿಎಸ್ ಎಂದರೆ 40 ಮೆಗಾಬಿಟ್, ಡೌನ್‌ಲೋಡ್ ಪಟ್ಟಿಯಲ್ಲಿ ಕಾಣುವ ಮೆಗಾಬೈಟ್ ಲೆಕ್ಕಕ್ಕೆ ಇಳಿಸಿದರೆ ಸೆಕೆಂಡಿಗೆ 5. ಇನ್ನೊಂದು ಸಂಗತಿ: ಒಂದು ಸುದ್ದಿಪುಟ ಎಂದರೆ ಒಂದು ದೊಡ್ಡ ಕಡತವಲ್ಲ. ಹತ್ತಾರು ಸರ್ವರ್‌ಗಳಿಂದ ಬರುವ ನೂರಾರು ಪುಟ್ಟ ತುಣುಕುಗಳು. ಅವುಗಳಲ್ಲಿ ಹೆಚ್ಚಿನವು ಡಿಸ್ಕಿನ ಕ್ಯಾಶ್‌ಗೆ, ಅಂದರೆ ಮತ್ತೆ ಬಳಸಲು ಎತ್ತಿಡುವ ಜಾಗಕ್ಕೆ, ಹೋಗಿಬರುತ್ತವೆ. ಹಾಗಾಗಿ ಸ್ಪೀಡ್ ಟೆಸ್ಟ್ ಚೆನ್ನಾಗಿದ್ದೂ ಬ್ರೌಸಿಂಗ್ ತೆವಳಿದರೆ ಫೈಬರ್ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಲೈನಿನ ವಿಷಯ ಮುಗಿಸುವ ಮೊದಲು ಮೂರು ಕಡೆ ಕಣ್ಣಾಡಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ, ಅಂದರೆ ನೆಟ್ ಸಂಚಾರವನ್ನು ನಡುವೆ ಹಾಯಿಸುವ ಸರ್ವರ್: ಮನೆ ಕಂಪ್ಯೂಟರಿನಲ್ಲಿ ಕೈಯಾರೆ ತುಂಬಿದ ಪ್ರಾಕ್ಸಿ ವಿಳಾಸ ಇರಲೇಬಾರದು. ಇದ್ದರೆ ಹೆಚ್ಚಾಗಿ ಜಾಹೀರಾತು ತುರುಕುವ ಯಾವುದೋ ಆ್ಯಡ್‌ವೇರ್ ಇಟ್ಟುಹೋದದ್ದು. ಆಮೇಲೆ ಡಿಎನ್ಎಸ್ ವಿಳಾಸ, ಅಂದರೆ ಸೈಟಿನ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಿಸಿಕೊಡುವ ಸರ್ವರ್‌ನದು. ಇದನ್ನು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಸಾಲದು, ರೌಟರ್‌ನ ಪುಟದಲ್ಲೂ ನೋಡಬೇಕು. ರೌಟರ್‌ಗೆ ಬಂದ ದಿನದ ಪಾಸ್‌ವರ್ಡೇ ಇನ್ನೂ ಇದ್ದರೆ ಈಗಲೇ ಬದಲಿಸಬೇಕು. ಮೂರನೆಯದು ಗಡಿಯಾರ. ಮದರ್‌ಬೋರ್ಡಿನ ಪುಟ್ಟ ಸೆಲ್ ಸತ್ತು ತಾರೀಕು ಹಿಂದಕ್ಕೆ ಹೋದರೆ ಎಲ್ಲ ಸೈಟುಗಳೂ "ಸಂಪರ್ಕ ಸುರಕ್ಷಿತವಲ್ಲ" ಎನ್ನುತ್ತವೆ, ನೋಡಿದವರು ವೈರಸ್ ಎಂದು ಹೆದರುತ್ತಾರೆ. ಡೆಸ್ಕ್‌ಟಾಪಿನಲ್ಲಿ ಅದು ಬಹುಮಟ್ಟಿಗೆ ಸಿಆರ್2032 ಸೆಲ್, ನಾಣ್ಯದ ಗಾತ್ರ, ಬದಲಿಸಲು ಎರಡು ನಿಮಿಷ. ಈ ಯಂತ್ರದಲ್ಲಿ ಮೂರೂ ಸರಿಯಾಗಿದ್ದವು.

ಟಾಸ್ಕ್ ಮ್ಯಾನೇಜರ್ ಹೇಳಿದ್ದು

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್. ಯಂತ್ರ ಎದ್ದು ಹತ್ತು ನಿಮಿಷ ಕಳೆದ ಮೇಲೆ ನೋಡಬೇಕು. ಎದ್ದ ತಕ್ಷಣದ ಅಂಕಿಗಳನ್ನು ನಂಬುವಂತಿಲ್ಲ.

ಪ್ರೊಸೆಸರ್ 30 ಶೇಕಡ. ಮೆಮೊರಿ 3.9ರಲ್ಲಿ 3.6 ಜಿಬಿ ಭರ್ತಿ. ಡಿಸ್ಕ್ 100 ಶೇಕಡ, ಕೆಂಪಗೆ. ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕಿನ ಸರಾಸರಿ ಪ್ರತಿಕ್ರಿಯೆ ಸಮಯ 600ರಿಂದ 900 ಮಿಲಿಸೆಕೆಂಡ್. ಆದರೆ ಅದೇ ಹೊತ್ತಿಗೆ ಓದುತ್ತಿದ್ದುದು ಸೆಕೆಂಡಿಗೆ ಒಂದೂವರೆ ಮೆಗಾಬೈಟ್ ಮಾತ್ರ.

ರೋಗದ ಗುಟ್ಟು ಈ ಎರಡು ಅಂಕಿಗಳಲ್ಲೇ ಇದೆ. 5400 ಸುತ್ತಿನ ಡಿಸ್ಕ್ ಒಂದು ಸುತ್ತು ಹಾಕಲು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಡಿಸ್ಕನ್ನು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಐದೂವರೆ ಮಿಲಿಸೆಕೆಂಡ್ ಕಾಯಬೇಕು. ಮುಳ್ಳು ಆ ಪಥಕ್ಕೆ ಸರಿಯಲು ಸುಮಾರು 12. ಎರಡೂ ಸೇರಿದರೆ ಚದುರಿದ ಒಂದೊಂದು ಓದಿಗೆ 17, 18 ಮಿಲಿಸೆಕೆಂಡ್. ಸೆಕೆಂಡಿಗೆ ಅರುವತ್ತು ಓದು ದಾಟುವುದಿಲ್ಲ. ಒಂದು ದೊಡ್ಡ ಸಿನಿಮಾ ಕಡತವನ್ನು ಸಾಲಾಗಿ ಓದುವಾಗ ಇದೇ ಡಿಸ್ಕ್ ಸೆಕೆಂಡಿಗೆ 80, 100 ಮೆಗಾಬೈಟ್ ಕೊಡುತ್ತದೆ. ಸಾವಿರ ಪುಟ್ಟ ಕಡತ ಕೇಳಿದರೆ ಏದುಸಿರು ಬಿಡುತ್ತದೆ. ಕಿವಿಗೊಟ್ಟರೆ ಅಂಗೈಯಿಡುವ ಜಾಗದ ಕೆಳಗಿಂದ ಕಟಕಟ ಸದ್ದು ಬಿಡುವಿಲ್ಲದೆ ಕೇಳುತ್ತಿತ್ತು, ಡಿಸ್ಕ್ ದೀಪ ಆರುತ್ತಲೇ ಇರಲಿಲ್ಲ.

ಡಿಸ್ಕ್ ಕಾಲಂ ಮೇಲೆ ಕ್ಲಿಕ್ ಮಾಡಿ ವಿಂಗಡಿಸಿದಾಗ ಮೇಲೆ ನಿಂತವರು: ಎರಡು ಬೇರೆ ಬೇರೆ ಆ್ಯಂಟಿವೈರಸ್ ಸೇವೆಗಳು, ಅವುಗಳ ಕೆಳಗೆ "ಸಿಸ್ಟಂ", ಆಮೇಲೆ ಬ್ರೌಸರ್. ಮೆಮೊರಿ ತುಂಬಿದ್ದರಿಂದ ವಿಂಡೋಸ್ ಬಳಸದ ತುಣುಕುಗಳನ್ನು ಡಿಸ್ಕಿನ ಪೇಜ್ ಫೈಲ್‌ಗೆ ತಳ್ಳುತ್ತಿತ್ತು. ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತಿತ್ತು. ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದಾಗ ಪರದೆ ಹೆಪ್ಪುಗಟ್ಟುವುದಕ್ಕೆ ಕಾರಣ ಇದೇ.

ಮುಂದೆ ಹೋಗುವ ಮೊದಲು ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಬೇಕು. 05 ಎಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು, ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು, ಸಿ6 ಎಂದರೆ ಸರಿಪಡಿಸಲಾಗದವು. ಸಿ5 ಸೊನ್ನೆಯಲ್ಲದಿದ್ದರೆ ಉಳಿದ ಕೆಲಸವೆಲ್ಲ ಆಮೇಲೆ, ಮೊದಲು ಫೋಟೊ ಮತ್ತು ಕಾಗದಪತ್ರಗಳ ಪ್ರತಿ ತೆಗೆಯಬೇಕು. ಅಂಥ ಡಿಸ್ಕಿನ ಮೇಲೆ ಪೂರ್ತಿ ವೈರಸ್ ಸ್ಕ್ಯಾನ್ ಓಡಿಸುವುದು ಎಂದರೆ ಕುಂಟುವ ಎತ್ತಿಗೆ ಮೂಟೆ ಹೇರಿದಂತೆ, ಸ್ಕ್ಯಾನ್ ನಡುವೆಯೇ ಡಿಸ್ಕ್ ಸಾಯಬಹುದು. ಇಲ್ಲಿ ಮೂರೂ ಸೊನ್ನೆ. ಆದರೂ ಪ್ರತಿ ತೆಗೆದೇ ಮುಂದುವರಿದದ್ದು.

ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು

ವಿಂಡೋಸ್ ಸೆಕ್ಯುರಿಟಿ ತೆರೆದು, ಸೆಟ್ಟಿಂಗ್ಸ್‌ನಲ್ಲಿ "ಮ್ಯಾನೇಜ್ ಪ್ರೊವೈಡರ್ಸ್" ಒತ್ತಿದರೆ ಯಂತ್ರದಲ್ಲಿ ನೋಂದಾಯಿಸಿಕೊಂಡ ಆ್ಯಂಟಿವೈರಸ್‌ಗಳ ಪಟ್ಟಿ ಬರುತ್ತದೆ. ಇಲ್ಲಿ ಎರಡಿದ್ದವು. ಒಂದು, ಲ್ಯಾಪ್‌ಟಾಪ್ ಕೊಂಡಾಗ ಜೊತೆಗೆ ಬಂದ ಟ್ರಯಲ್, ಅವಧಿ ಮುಗಿದು ವರ್ಷಗಳಾಗಿವೆ. ಇನ್ನೊಂದು, ಯಾವುದೋ ಉಚಿತ ವಿಡಿಯೊ ಪ್ಲೇಯರ್ ಇನ್‌ಸ್ಟಾಲ್ ಮಾಡುವಾಗ "ನೆಕ್ಸ್ಟ್, ನೆಕ್ಸ್ಟ್" ಒತ್ತಿದಾಗ ನುಸುಳಿಬಂದದ್ದು. ಇವುಗಳ ಜೊತೆ ಒಂದು "ಪಿಸಿ ಕ್ಲೀನರ್", ಒಂದು "ಡ್ರೈವರ್ ಅಪ್‌ಡೇಟರ್".

ಆ್ಯಂಟಿವೈರಸ್ ಕೆಲಸ ಮಾಡುವ ಬಗೆ ತಿಳಿದರೆ ನಿಧಾನದ ಕಾರಣವೂ ತಿಳಿಯುತ್ತದೆ. ಅದು ವಿಂಡೋಸ್‌ನ ಕಡತ ವ್ಯವಸ್ಥೆಯ ದಾರಿಯಲ್ಲೇ ಒಂದು ಫಿಲ್ಟರ್ ಡ್ರೈವರ್ ಆಗಿ ಕೂರುತ್ತದೆ. ಬ್ರೌಸರ್ ಒಂದು ಚಿತ್ರವನ್ನು ಕ್ಯಾಶ್‌ಗೆ ಬರೆಯುತ್ತದೆ ಎನ್ನಿ, ಫಿಲ್ಟರ್ ಅದನ್ನು ತಡೆದು, ತೆರೆದು, ಓದಿ, ಬಿಡುತ್ತದೆ. ಇಬ್ಬರಿದ್ದರೆ ಎರಡು ಸಲ. ಕೆಲವೊಮ್ಮೆ ಒಬ್ಬ ತೆರೆದದ್ದನ್ನು ಕಂಡು ಇನ್ನೊಬ್ಬ ಮತ್ತೆ ತೆರೆಯುತ್ತಾನೆ. ಸೆಕೆಂಡಿಗೆ ಅರುವತ್ತು ಓದಿನ ಡಿಸ್ಕಿನ ಮೇಲೆ ಈ ಜಗ್ಗಾಟ. ಎತ್ತು ಏರಿಗೆ, ಕೋಣ ನೀರಿಗೆ.

ಈ ಫಿಲ್ಟರ್‌ಗಳನ್ನು ಕಣ್ಣಾರೆ ಕಾಣಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರಗಳನ್ನು ಕೂಡಿಸಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಪ್ರತಿ ಫಿಲ್ಟರ್‌ನ ಹೆಸರು, ಅದರ ಎದುರಿಗೆ "ಆಲ್ಟಿಟ್ಯೂಡ್" ಎಂಬ ಸಂಖ್ಯೆ ಬರುತ್ತದೆ. 3,20,000ದಿಂದ 3,29,998ರೊಳಗಿನ ಸಂಖ್ಯೆಗಳು ಆ್ಯಂಟಿವೈರಸ್‌ಗೆ ಮೀಸಲು. ವಿಂಡೋಸ್‌ನದೇ ಡಿಫೆಂಡರ್‌ನ ಫಿಲ್ಟರ್ 3,28,010ರಲ್ಲಿ ಕೂರುತ್ತದೆ. ಆ ಶ್ರೇಣಿಯಲ್ಲಿ ಅದೊಂದನ್ನು ಬಿಟ್ಟು ಬೇರೆ ಏನೇ ಕಂಡರೂ ಅದು ಹೊರಗಿನ ಆ್ಯಂಟಿವೈರಸ್. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದುಹಾಕಿದ್ದರೂ ಫಿಲ್ಟರ್ ಇಲ್ಲಿ ಉಳಿದಿರುವುದುಂಟು. ಮನೆಮನೆಯ ನಿಧಾನಕ್ಕೆ ಈ ಅಳಿದುಳಿದ ಫಿಲ್ಟರ್‌ಗಳು ಎಷ್ಟು ಸಲ ಕಾರಣವಾಗಿದ್ದರೂ ಇವನ್ನು ನೋಡುವವರು ತೀರ ಕಡಿಮೆ.

ತೆಗೆಯುವ ಕ್ರಮ ಹೀಗೆ. ಮೊದಲು ಎರಡೂ ಆ್ಯಂಟಿವೈರಸ್‌ಗಳ ತಯಾರಕರ ಅಧಿಕೃತ ತಾಣದಿಂದ ಅವರದೇ "ರಿಮೂವಲ್ ಟೂಲ್" ಇಳಿಸಿಕೊಳ್ಳಬೇಕು. ದುಡ್ಡು ಕೊಟ್ಟ ಲೈಸೆನ್ಸ್ ಇದ್ದರೆ ಕೀ ಬರೆದಿಟ್ಟುಕೊಳ್ಳಬೇಕು. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ಒಂದನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್. ಇನ್ನೊಂದನ್ನು ತೆಗೆದು ಮತ್ತೆ ರೀಸ್ಟಾರ್ಟ್. ರೀಸ್ಟಾರ್ಟ್ ತಪ್ಪಿಸಿ ಎರಡನ್ನೂ ಒಟ್ಟಿಗೆ ಕಿತ್ತರೆ ಅರ್ಧಂಬರ್ಧ ಉಳಿಯುತ್ತವೆ. ಆಮೇಲೆ ಸೇಫ್ ಮೋಡಿನಲ್ಲಿ ರಿಮೂವಲ್ ಟೂಲ್ ಓಡಿಸಬೇಕು. ಕೊನೆಗೆ ಅದೇ ಐದಕ್ಷರದ ಆದೇಶ ಕೊಟ್ಟು ಆ ಶ್ರೇಣಿಯಲ್ಲಿ ಹೊರಗಿನ ಫಿಲ್ಟರ್ ಉಳಿದಿದೆಯೇ ನೋಡಬೇಕು. ಇಲ್ಲಿ ಟ್ರಯಲ್‌ನ ಒಂದು ಫಿಲ್ಟರ್ ಮೊದಲ ಸುತ್ತಿನಲ್ಲಿ ಉಳಿದಿತ್ತು, ಟೂಲ್ ಓಡಿಸಿದ ಮೇಲೆ ಹೋಯಿತು. ಡ್ರೈವರ್ ಕಡತವನ್ನು ಹುಡುಕಿ ಕೈಯಾರೆ ಡಿಲೀಟ್ ಮಾಡಬಾರದು. ರಿಜಿಸ್ಟ್ರಿಯಲ್ಲಿ ನೋಂದಣಿ ಉಳಿದು ಕಡತ ಮಾತ್ರ ಹೋದರೆ ಯಂತ್ರ ಏಳದೇ ನೀಲಿ ಪರದೆಗೆ ಬೀಳಬಹುದು.

ಇನ್ನೊಂದು ಕುರುಹು ವೈಫೈ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಸಿಗುತ್ತದೆ. ಅಲ್ಲಿನ ಪಟ್ಟಿಯಲ್ಲಿ ತೆಗೆದುಹಾಕಿದ ಆ್ಯಂಟಿವೈರಸ್‌ನ ಹೆಸರಿನ "ನೆಟ್‌ವರ್ಕ್ ಫಿಲ್ಟರ್" ಇನ್ನೂ ಟಿಕ್ ಆಗಿದ್ದರೆ ಅದನ್ನು ಆರಿಸಿ ಅನ್‌ಇನ್‌ಸ್ಟಾಲ್ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ರೀಸೆಟ್. ವೈಫೈ ಪಾಸ್‌ವರ್ಡ್‌ಗಳೆಲ್ಲ ಮರೆತುಹೋಗುತ್ತವೆ, ಮೊದಲೇ ಬರೆದಿಟ್ಟುಕೊಂಡಿರಬೇಕು.

ಬೀಗ ಬಿಚ್ಚಿ ನೋಡುವ ಕೆಲಸ ಇನ್ನೂ ಭಾರ. ಹಲವು ಆ್ಯಂಟಿವೈರಸ್‌ಗಳು "ವೆಬ್ ಶೀಲ್ಡ್" ಎಂಬಂಥ ಹೆಸರಿನಲ್ಲಿ, ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ಸಂಪರ್ಕವನ್ನು ನಡುವೆಯೇ ತೆರೆದು, ಓದಿ, ಮತ್ತೆ ಗೂಢಲಿಪಿಗೆ ಹಾಕಿ ಬ್ರೌಸರ್‌ಗೆ ಕೊಡುತ್ತವೆ. ಅದಕ್ಕಾಗಿ ತಮ್ಮದೇ ಮೂಲ ಪ್ರಮಾಣಪತ್ರವನ್ನು ವಿಂಡೋಸ್‌ನೊಳಗೆ ಇಟ್ಟಿರುತ್ತವೆ. ಕಂಡುಹಿಡಿಯುವುದು ಸುಲಭ: ಯಾವುದಾದರೂ ಬ್ಯಾಂಕಿನ ಪುಟ ತೆರೆದು, ವಿಳಾಸದ ಎಡಗಡೆಯ ಗುರುತು ಒತ್ತಿ, ಪ್ರಮಾಣಪತ್ರ ಕೊಟ್ಟವರು ಯಾರು ಎಂದು ನೋಡಬೇಕು. ಅಲ್ಲಿ ಆ್ಯಂಟಿವೈರಸ್‌ನ ಹೆಸರಿದ್ದರೆ ಪ್ರತಿ ಸಂಪರ್ಕವೂ ಎರಡು ಸಲ ಬಿಚ್ಚಿ ಕಟ್ಟಿಸಿಕೊಳ್ಳುತ್ತಿದೆ ಎಂದರ್ಥ. ಎರಡು ಕೋರಿನ ಪ್ರೊಸೆಸರಿಗೆ ನೂರಾರು ತುಣುಕಿನ ಪುಟದಲ್ಲಿ ಇದು ಎದ್ದು ಕಾಣುವ ಭಾರ. ಇಲ್ಲಿ ಎರಡನೆಯ ಆ್ಯಂಟಿವೈರಸ್ ಹೀಗೇ ಮಾಡುತ್ತಿತ್ತು. ತೆಗೆದ ಮೇಲೆ ಸರ್ಟಿಫಿಕೇಟ್ ಮ್ಯಾನೇಜರ್‌ನ "ಟ್ರಸ್ಟೆಡ್ ರೂಟ್" ಪಟ್ಟಿಯಲ್ಲಿ ಅದರ ಪ್ರಮಾಣಪತ್ರ ಉಳಿದಿರಲಿಲ್ಲ. ಉಳಿದಿದ್ದರೆ ಅದೊಂದನ್ನು ಮಾತ್ರ ಅಳಿಸಬೇಕು, ಬೇರೆ ಯಾವುದನ್ನೂ ಮುಟ್ಟಬಾರದು.

ಎರಡೂ ಹೋದ ಮೇಲಿನ ಅಳತೆ: ಪವರ್ ಬಟನ್ ಒತ್ತಿ ಬ್ರೌಸರಿನಲ್ಲಿ ಮೊದಲ ಪುಟ ಪೂರ್ತಿ ಕಾಣುವ ತನಕ ಮೊದಲು ನಾಲ್ಕೂವರೆ ನಿಮಿಷ, ಈಗ ಎರಡೂವರೆ. ಒಂದು ರೂಪಾಯಿ ಖರ್ಚಿಲ್ಲ.

ಹಾಗಾದರೆ ವೈರಸ್ ಇತ್ತೇ?

ಹೊರಗಿನ ಆ್ಯಂಟಿವೈರಸ್ ಹೋದ ಕೂಡಲೇ ಮೈಕ್ರೋಸಾಫ್ಟ್ ಡಿಫೆಂಡರ್ ತಾನಾಗಿ ಎದ್ದು ನಿಲ್ಲುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅದು ವಿಂಡೋಸ್‌ನೊಳಗೇ ಇರುವ ಪೂರ್ಣ ಆ್ಯಂಟಿವೈರಸ್. ಬೇರೆಯದೊಂದು ನೋಂದಾಯಿಸಿಕೊಂಡರೆ ಹಿಂದೆ ಸರಿದು ಜಾಗ ಬಿಡುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಹಸಿರು ಟಿಕ್ ಬಂತೇ, ವೈರಸ್ ಪಟ್ಟಿ ಇವತ್ತಿನದೇ ಎಂದು ಮೊದಲು ನೋಡಿಕೊಳ್ಳಬೇಕು.

ಆಮೇಲೆ ಆಫ್‌ಲೈನ್ ಸ್ಕ್ಯಾನ್. "ಸ್ಕ್ಯಾನ್ ಆಪ್ಷನ್ಸ್" ಒಳಗಿದೆ. ಯಂತ್ರ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ವಿಂಡೋಸ್ ಓಡುವಾಗ ಬಚ್ಚಿಟ್ಟುಕೊಳ್ಳುವವು ಇಲ್ಲಿ ಸಿಗುತ್ತವೆ. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇದೆ. ಇನ್‌ಸ್ಟಾಲ್ ಆಗುವುದಿಲ್ಲ, ಒಮ್ಮೆ ಓಡಿ ಮುಗಿಯುತ್ತದೆ, ಇಳಿಸಿದ 10 ದಿನಕ್ಕೆ ಹಳತಾಗುತ್ತದೆ. ಭಾರತ ಸರ್ಕಾರದ ಸೈಬರ್ ಭದ್ರತಾ ತಂಡವಾದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ಬಾಟ್ ತೆಗೆಯುವ ಉಚಿತ ಸಲಕರಣೆಗಳಿವೆ. ಎರಡನೆಯ ಅಭಿಪ್ರಾಯಕ್ಕೆ ಹಾಕಿದ ಯಾವುದೇ ಸಲಕರಣೆ ತನ್ನನ್ನು ಕಾಯಂ ಕಾವಲಿಗೆ ಇಟ್ಟುಕೊಳ್ಳಲು ಕೇಳಿದರೆ ಬೇಡ ಎನ್ನಬೇಕು. ಇಲ್ಲವಾದರೆ ಮತ್ತೆ ಇಬ್ಬರು ಕಾವಲುಗಾರರ ಕಥೆ.

ಸಿಕ್ಕಿದ್ದು: ವೈರಸ್ ಒಂದೂ ಇಲ್ಲ. "ಪೊಟೆನ್ಷಿಯಲಿ ಅನ್‌ವಾಂಟೆಡ್" ಹಣೆಪಟ್ಟಿಯ ಎರಡು ಕಡತ, ಎರಡೂ ಆ ಕ್ಲೀನರ್‌ನವು. ಕ್ಲೀನರ್ ಮತ್ತು ಡ್ರೈವರ್ ಅಪ್‌ಡೇಟರ್ ಎರಡನ್ನೂ ತೆಗೆದದ್ದು. ಇವುಗಳಿಂದ ಯಾವ ಯಂತ್ರಕ್ಕೂ ಒಳ್ಳೆಯದಾಗುವುದಿಲ್ಲ. ಡ್ರೈವರ್ ಬೇಕಿದ್ದರೆ ವಿಂಡೋಸ್ ಅಪ್‌ಡೇಟ್, ಇಲ್ಲವೇ ಲ್ಯಾಪ್‌ಟಾಪ್ ತಯಾರಕರ ತಾಣ.

ಮನೆಯವರು ವೈರಸ್ ಎಂದು ತೋರಿಸಿದ್ದು ಪರದೆಯ ಬಲಮೂಲೆಯಲ್ಲಿ ಗಂಟೆಗೆ ನಾಲ್ಕು ಸಲ ಹಾರಿಬರುತ್ತಿದ್ದ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಪತ್ತೆ" ಎಂಬ ಎಚ್ಚರಿಕೆಯನ್ನು. ಅದು ಆ್ಯಂಟಿವೈರಸ್‌ನದಲ್ಲ, ವೈರಸ್‌ನದೂ ಅಲ್ಲ. ಬ್ರೌಸರ್‌ನ ನೋಟಿಫಿಕೇಶನ್. ಎಂದೋ ಯಾವುದೋ ತಾಣ "ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದಾಗ ಒತ್ತಿದ್ದರ ಫಲ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್. ಅನುಮತಿ ಪಡೆದ ಹದಿನಾರು ತಾಣಗಳನ್ನೂ ಅಳಿಸಿ, ಮುಂದೆ ಯಾರೂ ಕೇಳದಂತೆ ಮಾಡಿದ ಮೇಲೆ ಎಚ್ಚರಿಕೆ ನಿಂತಿತು.

ಇದರ ಅಣ್ಣನಂಥದ್ದು ಪರದೆ ತುಂಬ ಹರಡಿ, ಸೈರನ್ ಕೂಗಿ, "ಈ ನಂಬರಿಗೆ ಕರೆ ಮಾಡಿ" ಎನ್ನುವ ಪುಟ. ಎಸ್ಕೇಪ್ ಕೀಯನ್ನು ಒತ್ತಿಹಿಡಿದರೆ ಪೂರ್ಣಪರದೆ ಬಿಡುತ್ತದೆ. ಬಿಡದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಆರಿಸಿ ಎಂಡ್ ಟಾಸ್ಕ್. ಮತ್ತೆ ತೆರೆದಾಗ "ಹಳೆಯ ಟ್ಯಾಬ್‌ಗಳನ್ನು ಮರಳಿಸಲೇ" ಎಂದರೆ ಬೇಡ. ಆ ನಂಬರಿಗೆ ಕರೆ ಮಾಡಿ ದೂರನಿಯಂತ್ರಣದ ಆ್ಯಪ್ ಹಾಕಿಸಿಕೊಂಡು ಹಣ ಕಳೆದುಕೊಂಡಿದ್ದರೆ ನೆಟ್ ಕಿತ್ತು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ದೂರು ಕೊಡಬೇಕು. ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ಬ್ರೌಸರ್

ಹನ್ನೊಂದು ಎಕ್ಸ್‌ಟೆನ್ಷನ್‌ಗಳಿದ್ದವು. ಕೂಪನ್ ಹುಡುಕುವವು ಮೂರು, ಪಿಡಿಎಫ್ ಪರಿವರ್ತಕ ಎರಡು, ಆ್ಯಂಟಿವೈರಸ್‌ಗಳು ತಂದು ಹಾಕಿದವು ಎರಡು. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಶಿಫ್ಟ್ ಜೊತೆ ಎಸ್ಕೇಪ್ ಒತ್ತಿದರೆ ಬ್ರೌಸರ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಾವ ಎಕ್ಸ್‌ಟೆನ್ಷನ್, ಯಾವ ಟ್ಯಾಬ್ ಎಷ್ಟು ಮೆಮೊರಿ ನುಂಗುತ್ತಿದೆ ಎಂದು ಸಾಲುಸಾಲಾಗಿ ಕಾಣುತ್ತದೆ. ಎಲ್ಲವನ್ನೂ ತೆಗೆದು ಒಂದನ್ನು ಮಾತ್ರ ಹಾಕಿದ್ದು, ಜಾಹೀರಾತು ತಡೆಯುವ ಯೂಬ್ಲಾಕ್ ಆರಿಜಿನ್. ಫೈರ್‌ಫಾಕ್ಸ್‌ನಲ್ಲಿ ಪೂರ್ಣ ಆವೃತ್ತಿ ಸಿಗುತ್ತದೆ, ಕ್ರೋಮ್‌ನಲ್ಲಿ ಈಗ ಲೈಟ್ ಆವೃತ್ತಿ ಮಾತ್ರ. ಹಳೆಯ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಉಚಿತ ಔಷಧಿ ಇಲ್ಲ. ಪುಟದ ಭಾರದಲ್ಲಿ ದೊಡ್ಡ ಪಾಲು ಜಾಹೀರಾತು ಮತ್ತು ಬೆನ್ನುಹತ್ತುವ ಸ್ಕ್ರಿಪ್ಟ್‌ಗಳದ್ದು. ನಕಲಿ "ಡೌನ್‌ಲೋಡ್" ಬಟನ್‌ಗಳೂ ಅವುಗಳ ಜೊತೆಗೇ ಹೋಗುತ್ತವೆ, ಹಾಗಾಗಿ ಇದು ವೇಗಕ್ಕೂ ಸೈ, ರಕ್ಷಣೆಗೂ ಸೈ.

ಮೆಮೊರಿ ಸೇವರ್ ಆನ್. ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆ ಆಫ್. ಕ್ಯಾಶ್ ಅಳಿಸಲಿಲ್ಲ. "ಸ್ಲೋ ಆದರೆ ಕ್ಯಾಶ್ ಕ್ಲಿಯರ್ ಮಾಡಿ" ಎಂಬ ಸಲಹೆ ಎಲ್ಲೆಲ್ಲೂ ಇದೆ, ಆದರೆ ಕ್ಯಾಶ್ ಇರುವುದೇ ಮತ್ತೆ ಇಳಿಸಿಕೊಳ್ಳುವುದನ್ನು ತಪ್ಪಿಸಲು. ಅಳಿಸಿದರೆ ಮೊದಲ ದಿನ ಇನ್ನೂ ನಿಧಾನ. ಪುಟ ಒಡೆದು ಕಾಣುತ್ತಿದ್ದರೆ ಮಾತ್ರ ಅಳಿಸಬೇಕು.

ವಿಡಿಯೊ ತಡವರಿಸುವುದಕ್ಕೆ ಕಾರಣವೇ ಬೇರೆ. ಎವಿ1 ಎಂಬ ಹೊಸ ಬಗೆಯಲ್ಲಿ ಕುಗ್ಗಿಸಿದ ವಿಡಿಯೊವನ್ನು ಬಿಡಿಸುವ ಯಂತ್ರಾಂಶ ಈ ಚಿಪ್‌ನಲ್ಲಿಲ್ಲ, ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. 720ಪಿ ಗುಣಮಟ್ಟಕ್ಕೆ ಇಳಿಸಿದರೆ ಸಲೀಸು.

ಸ್ಕ್ರೂಡ್ರೈವರ್ ಕೆಲಸ

ಮೂಲ ಕಾಯಿಲೆ ಡಿಸ್ಕ್ ಮತ್ತು ಮೆಮೊರಿ. ತಂದದ್ದು: 2.5 ಇಂಚಿನ, 7 ಮಿಲಿಮೀಟರ್ ದಪ್ಪದ, 256 ಜಿಬಿಯ, ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಸಾಟಾ ಎಸ್‌ಎಸ್‌ಡಿ ಒಂದು. 4 ಜಿಬಿಯ ಡಿಡಿಆರ್3ಎಲ್ ಲ್ಯಾಪ್‌ಟಾಪ್ ರ‍್ಯಾಮ್ ಒಂದು, 1600 ಮೆಗಾಹರ್ಟ್ಸ್, 1.35 ವೋಲ್ಟ್, 204 ಪಿನ್. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೇಸ್ ಒಂದು. 8 ಜಿಬಿ ಪೆನ್‌ಡ್ರೈವ್. ಪಿಎಚ್0 ಸ್ಕ್ರೂಡ್ರೈವರ್.

ರ‍್ಯಾಮ್ ಕೊಳ್ಳುವಾಗ "ಎಲ್" ಅಕ್ಷರ ಮುಖ್ಯ. 1.5 ವೋಲ್ಟಿನ ಹಳೆ ಡಿಡಿಆರ್3 ಅದೇ ಸ್ಲಾಟಿಗೆ ಕೂರುತ್ತದೆ, ಆದರೆ ಈ ಪ್ರೊಸೆಸರಿಗೆ ಬೇಕಾದದ್ದು ಕಡಿಮೆ ವೋಲ್ಟಿನದು. ಡಿಡಿಆರ್4 ಆದರೆ 260 ಪಿನ್, ಕೂರುವುದೇ ಇಲ್ಲ. ಹಳೆಯ ಕಡ್ಡಿಯ ಮೇಲಿನ ಚೀಟಿಯ ಫೋಟೊ ಅಂಗಡಿಗೆ ಒಯ್ದರೆ ತಪ್ಪುವುದಿಲ್ಲ.

ಪೂರ್ತಿ ಶಟ್‌ಡೌನ್, ಚಾರ್ಜರ್ ಹೊರಗೆ, ಬ್ಯಾಟರಿ ಹೊರಗೆ. ಬ್ಯಾಟರಿ ಒಳಗಿರುವ ಮಾದರಿಯಾದರೆ ಹಿಂಬದಿ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರ್ ಬಿಡಿಸಬೇಕು. ಸ್ಕ್ರೂಗಳು ಎರಡು ಉದ್ದದವು. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ತಿರುಗಿಸಿದರೆ ಕೀಬೋರ್ಡ್ ಕಡೆಗೆ ಉಬ್ಬು ಬರುತ್ತದೆ. ಅದಕ್ಕೇ ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಟ್ಟದ್ದು. ಡಿವಿಡಿ ಡ್ರೈವ್‌ನ ಕೆಳಗೆ ಅಡಗಿದ್ದ ಒಂದು ಸ್ಕ್ರೂ ಬಿಚ್ಚದೆ ಮುಚ್ಚಳ ಎಳೆದರೆ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ. ಅಂಚು ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು, ಲೋಹದ ಚಾಕು ಬೇಡ.

ರ‍್ಯಾಮನ್ನು 30 ಡಿಗ್ರಿ ಓರೆಯಾಗಿ, ಚಿನ್ನದ ಅಂಚು ಕಾಣದಷ್ಟು ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿದರೆ ಎರಡು ಬದಿಯ ಕ್ಲಿಪ್ ಟಿಕ್ ಎಂದು ಕೂರುತ್ತವೆ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪದ್ದು, ಎಸ್‌ಎಸ್‌ಡಿ 7. ಉಳಿದ ಎರಡೂವರೆ ಮಿಲಿಮೀಟರಿಗೆ ಅದರ ಜೊತೆ ಬಂದ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿದ್ದು. ಹಾಗೇ ಬಿಟ್ಟರೆ ಕನೆಕ್ಟರ್ ಸಡಿಲವಾಗಿ ಎಂದೋ ಒಂದು ದಿನ "ಬೂಟ್ ಡಿವೈಸ್ ಇಲ್ಲ" ಎನ್ನುತ್ತದೆ. ತೆರೆದದ್ದೇ ತೆರೆದದ್ದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು ಬ್ರಷ್‌ನಿಂದ ದೂಳು ತೆಗೆದಾಯಿತು.

ಹಳೆಯ ಡಿಸ್ಕನ್ನು ಯಥಾವತ್ತಾಗಿ ಕ್ಲೋನ್ ಮಾಡಬಹುದಿತ್ತು. ಆದರೆ ಹತ್ತು ವರ್ಷದ ಕಸವನ್ನು ಹೊಸ ಮನೆಗೆ ಹೊತ್ತುಕೊಂಡು ಹೋಗುವುದೇಕೆ? ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ಮಾಡಿ ಹೊಸದಾಗಿ ಇನ್‌ಸ್ಟಾಲ್. ಕೀ ಕೇಳಿದಾಗ "ನನ್ನ ಬಳಿ ಕೀ ಇಲ್ಲ" ಕೊಟ್ಟರೆ ಸಾಕು. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಅಳತೆ: ಬಟನ್ ಒತ್ತಿ ಮೊದಲ ಪುಟ ಕಾಣಲು 28 ಸೆಕೆಂಡ್. ಡಿಸ್ಕ್ ಕಾಲಂ 2, 3 ಶೇಕಡದಲ್ಲಿ ಆಡುತ್ತದೆ. ಎಂಟು ಟ್ಯಾಬ್ ತೆರೆದಾಗ ಮೆಮೊರಿ 5 ಜಿಬಿ, ಪೇಜ್ ಫೈಲಿನ ಗೋಜೇ ಇಲ್ಲ.

ಕಾವಲು ಯಾರದ್ದು

ಹೊಸ ಇನ್‌ಸ್ಟಾಲ್ ಮೇಲೆ ಹೊರಗಿನ ಆ್ಯಂಟಿವೈರಸ್ ಹಾಕಲಿಲ್ಲ. ಮನೆಯ ವಿಂಡೋಸ್ ಯಂತ್ರಕ್ಕೆ ಆ್ಯಂಟಿವೈರಸ್ ಬೇಕೇ ಬೇಕು, ಆದರೆ ಒಂದೇ ಬೇಕು. ಅದು ಆಗಲೇ ಒಳಗಿದೆ, ಅದಕ್ಕೆ ದುಡ್ಡಿಲ್ಲ. ಡಿಫೆಂಡರ್‌ನಲ್ಲಿ ಮುಟ್ಟಬೇಕಾದವು ಕೆಲವೇ. "ಆ್ಯಪ್ ಮತ್ತು ಬ್ರೌಸರ್ ಕಂಟ್ರೋಲ್" ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಎರಡೂ ಟಿಕ್ ಹಾಕಬೇಕು, ಆ ಕ್ಲೀನರ್‌ನಂಥವು ಮತ್ತೆ ನುಸುಳದಂತೆ. "ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್" (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶಗಳಿಂದ ರಕ್ಷಣೆ) ಒಳಗಿನ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ತಾನಾಗಿ ಆನ್ ಇರುವುದಿಲ್ಲ, ಆನ್ ಮಾಡಬೇಕು. ಅಪರಿಚಿತ ತಂತ್ರಾಂಶ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಒಳಗೆ ಬರೆಯಲು ಹೋದರೆ ತಡೆಯುತ್ತದೆ. ಹಳೆಯ ಟೈಪಿಂಗ್ ತಂತ್ರಾಂಶ ಕಡತ ಉಳಿಸಲಾರೆ ಎಂದರೆ ಅದೊಂದಕ್ಕೆ ಅನುಮತಿ ಕೊಡಬೇಕೇ ಹೊರತು ಇಡೀ ಕಾವಲನ್ನು ಆಫ್ ಮಾಡಬಾರದು.

ಸ್ಕ್ಯಾನ್ ಹೊತ್ತಿಗೆ ಯಂತ್ರ ಎಳೆದಾಡಿದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ದಾರಿಯಲ್ಲಿ ಹೋಗಿ ಶೆಡ್ಯೂಲ್ಡ್ ಸ್ಕ್ಯಾನ್‌ಗೆ ಮಧ್ಯಾಹ್ನದ ಊಟದ ಸಮಯ ಕೊಡಬಹುದು. ಡೌನ್‌ಲೋಡ್ಸ್ ಫೋಲ್ಡರನ್ನೋ ಬ್ರೌಸರನ್ನೋ ಎಕ್ಸ್‌ಕ್ಲೂಷನ್‌ಗೆ ಸೇರಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬಾರದು. ಕಳ್ಳ ಬಾಗಿಲೇ ಅದು.

ಕಾವಲು ಎಚ್ಚರವಿದೆಯೇ ಎಂದು ತಿಳಿಯಲು ಐಕಾರ್ ಪರೀಕ್ಷಾ ಕಡತವಿದೆ. 68 ಅಕ್ಷರಗಳ ನಿರುಪದ್ರವಿ ಪಠ್ಯ, ಎಲ್ಲ ಆ್ಯಂಟಿವೈರಸ್‌ಗಳೂ ಇದನ್ನು ವೈರಸ್ ಎಂದೇ ಹಿಡಿಯಬೇಕೆಂಬ ಒಪ್ಪಂದ. ಐಕಾರ್ ತಾಣದಿಂದ ಇಳಿಸಲು ಹೋದಾಗ ಡಿಫೆಂಡರ್ ಕೂಡಲೇ ಕಿತ್ತುಕೊಂಡಿತು.

ಯಾವ ಆ್ಯಂಟಿವೈರಸ್ಸೂ ಒಬ್ಬಂಟಿಯಾಗಿ ಕಾಯಲಾರದು. ದಿನಬಳಕೆಗೆ ಸ್ಟ್ಯಾಂಡರ್ಡ್ ಖಾತೆ, ಅಡ್ಮಿನ್ ಖಾತೆ ಬೇರೆ ಪಾಸ್‌ವರ್ಡಿನೊಂದಿಗೆ ಪಕ್ಕಕ್ಕೆ. ಹೀಗಿದ್ದರೆ ಹೆಚ್ಚಿನ ಇನ್‌ಸ್ಟಾಲ್‌ಗಳು ಪಾಸ್‌ವರ್ಡ್ ಕೇಳದೆ ನಡೆಯವು, ಕೇಳಿದಾಗ ಒಂದು ಕ್ಷಣ ಯೋಚಿಸಲು ಬಿಡುವು ಸಿಗುತ್ತದೆ. ಮನೆ ಕಂಪ್ಯೂಟರುಗಳಿಗೆ ಮಾರಿ ತರುವುದು ಹೆಚ್ಚಾಗಿ ಕ್ರ್ಯಾಕ್ ಮಾಡಿದ ಆಫೀಸ್, ಫೋಟೊ ಎಡಿಟರ್‌ಗಳು. "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಅವುಗಳ ಜೊತೆಗೇ ಬರುತ್ತದೆ. ಆ ಸಾಲು ಕಂಡಲ್ಲಿಗೆ ನಿಲ್ಲಿಸಬೇಕು. ಬರವಣಿಗೆಗೆ ಲಿಬ್ರೆಆಫೀಸ್ ಉಚಿತವಾಗಿದೆ. ಕನ್ನಡ ಟೈಪಿಂಗಿಗೂ ಎಲ್ಲೆಲ್ಲಿಂದಲೋ ಕಡತ ಇಳಿಸಬೇಕಾಗಿಲ್ಲ, ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ಹೊರಗಿನದಕ್ಕೆ ದುಡ್ಡು ಕೊಡುವುದು ಸರಿ ಎನಿಸುವ ಸಂದರ್ಭಗಳೂ ಇವೆ. ನೆಟ್ ಇಲ್ಲದೆ, ದಿನಕ್ಕೆ ಹತ್ತಾರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಜೆರಾಕ್ಸ್ ಅಂಗಡಿಯ ಯಂತ್ರ ಒಂದು, ಏಕೆಂದರೆ ಡಿಫೆಂಡರ್‌ನ ಬಲದಲ್ಲಿ ಒಂದು ಪಾಲು ಕ್ಲೌಡ್‌ನಿಂದ ಬರುತ್ತದೆ. ಆಗಲೂ ಒಂದೇ, ಮತ್ತು ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ.

ಉಳಿದ ದೊಡ್ಡ ಪ್ರಶ್ನೆ ವಿಂಡೋಸ್ 10ರದ್ದೇ. ಅದರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಬರುತ್ತದೆಂದು ಮೈಕ್ರೋಸಾಫ್ಟ್ ಹೇಳಿದೆ. ಆದರೆ ಪಟ್ಟಿ ಬೇರೆ, ವಿಂಡೋಸ್‌ನ ಗೋಡೆಯಲ್ಲಿನ ಬಿರುಕು ಮುಚ್ಚುವ ತೇಪೆ ಬೇರೆ. ಮನೆಬಳಕೆದಾರರಿಗೆ ಇಎಸ್‌ಯು (ಮುಂದುವರಿಸಿದ ಭದ್ರತಾ ಅಪ್‌ಡೇಟ್) ಯೋಜನೆಯಲ್ಲಿ 2026ರ ಅಕ್ಟೋಬರ್ 13ರವರೆಗೆ ತೇಪೆ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಅದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ, ಇಲ್ಲಿ ನೋಂದಾಯಿಸಿದ್ದು. ವಿಂಡೋಸ್ 11 ಅಧಿಕೃತವಾಗಿ ಎಂಟನೇ ತಲೆಮಾರಿನ ಇಂಟೆಲ್‌ನಿಂದ ಮುಂದಕ್ಕೆ, ಈ ಐದನೇ ತಲೆಮಾರಿಗೆ ಸಲ್ಲದು. ಆ ಗಡುವಿನ ನಂತರ ಈ ಯಂತ್ರಕ್ಕೆ ಸೂಕ್ತ ದಾರಿ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್. ಅದರ 22ನೇ ಆವೃತ್ತಿಗೆ 2029ರ ತನಕ ಬೆಂಬಲವಿದೆ, ಮನೆಬಳಕೆಗೆ ಪ್ರತ್ಯೇಕ ಆ್ಯಂಟಿವೈರಸ್ ಬೇಕಿಲ್ಲ, ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಸಲಕರಣೆಗಳನ್ನು ಹಾಕಿಕೊಂಡರೆ ಕನ್ನಡ ಗಣಕ ಪರಿಷತ್ತಿನ ಕೀಬೋರ್ಡ್ ವಿನ್ಯಾಸವೂ ಸಿಗುತ್ತದೆ.

ಕೊನೆಯ ಕೆಲಸ: ಹಳೆಯ 500 ಜಿಬಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಯುಎಸ್‌ಬಿ ಕೇಸಿಗೆ ಹಾಕಿ, ಫೈಲ್ ಹಿಸ್ಟರಿಗೆ ಅದನ್ನೇ ಜಾಗವಾಗಿ ತೋರಿಸಿದ್ದು. ತಿಂಗಳಿಗೊಮ್ಮೆ ಚುಚ್ಚಿ, ಬ್ಯಾಕಪ್ ಮುಗಿದ ಕೂಡಲೇ ಬಿಡಿಸಿ ಕಪಾಟಿಗೆ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಕೇಸಿನ ಮೇಲೆ ಚೀಟಿ ಅಂಟಿಸಿ ಸಿ5 ಸಂಖ್ಯೆಯನ್ನೂ ತಾರೀಕನ್ನೂ ಬರೆದಿದೆ. ಆ ಸಂಖ್ಯೆ ಸೊನ್ನೆಯಿಂದ ಅಲುಗಿದ ದಿನ ಡಿಸ್ಕ್ ಬದಲಿಸಬೇಕು.